ಮಾದರಿ ಏಳು, ದಿನ ಇಪ್ಪತ್ತೊಂದು

ಡೊಂಬಿವಲಿ ಪೂರ್ವದ ತರಕಾರಿ ಸಾಲಿನಲ್ಲಿ ಕೊತ್ತಂಬರಿ ಸೊಪ್ಪು ಹೆದರುವುದು ಒಬ್ಬರಿಗೆ ಮಾತ್ರ. ಅವರು ನಮ್ಮ ಮಾವ! ಉಳಿದವರು ಕೊತ್ತಂಬರಿಯನ್ನು ಹೆಚ್ಚುತ್ತಾರೆ, ಉದುರಿಸುತ್ತಾರೆ, ತಿಂದು ಮರೆಯುತ್ತಾರೆ. ಮಾವ ಅದನ್ನು ವಿಚಾರಣೆಗೆ ಒಳಪಡಿಸುತ್ತಾರೆ. ಒಣಗಿಸಿ, ಪುಡಿ ಮಾಡಿ, ನೆನೆಸಿ, ಸೋಸಿ, ಬಿಸಿನೀರಿನ ಪಾತ್ರೆಯ ಮೇಲೆ ಕೂರಿಸಿ, ಒಳಗಿರುವುದನ್ನೆಲ್ಲ ಬಾಯಿ ಬಿಡಿಸಿದ ಮೇಲೆಯೇ ಬಿಡುಗಡೆ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಊರು ಗದಗದ ಕಡೆ. ತುರ್ಭೆಯ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬಣ್ಣ ಹೊಂದಿಸುವ ಕೆಲಸ ಮಾಡಿ ನಿವೃತ್ತರಾದವರು. ನಾನು ಪತ್ರಿಕೆಯಲ್ಲಿ ಸುದ್ದಿ ತಿದ್ದುವವನು; ಕಂಡದ್ದನ್ನು ಕಂಡಷ್ಟೇ ಬರೆಯುವುದು ಅಭ್ಯಾಸ. ಆದ್ದರಿಂದ ಮುಂದೆ ಎಲ್ಲಾದರೂ ಅತಿಶಯ ಕಂಡರೆ ಅದು ಮಾವನದು, ನನ್ನದಲ್ಲ. ಇದನ್ನು ಬರೆಯಲು ಅತ್ತೆಯ ಒಪ್ಪಿಗೆ ಪಡೆದಿದ್ದೇನೆ. ಮಾವನದು ಪಡೆದಿಲ್ಲ. ಕೇಳಿದ್ದರೆ, ಮೊದಲು ನಿಮ್ಮ ಪತ್ರಿಕೆಯ ಶಾಯಿಯನ್ನು ಪರೀಕ್ಷೆ ಮಾಡುತ್ತೇನೆ ಎನ್ನುತ್ತಿದ್ದರು.

ಇದೆಲ್ಲ ಶುರುವಾದದ್ದು ಹೋದ ದೀಪಾವಳಿಯಲ್ಲಿ. ಅತ್ತೆ ಮಾವರ ಒಬ್ಬಳೇ ಮಗಳನ್ನು ಘಣಸೋಲಿಗೆ ಕೊಟ್ಟಿದೆ. ಬೀಗರು ಉಡುಪಿ ಕಡೆಯವರು, ಅಲ್ಲೇ ಚಿಕ್ಕ ಹೋಟೆಲು. ಹಬ್ಬಕ್ಕೆ ಅತ್ತೆ ಎಂದಿನಂತೆ ಒಂದು ಡಬ್ಬಿ ಚಕ್ಕುಲಿ ಒಯ್ದರು. ಅತ್ತೆಯ ಚಕ್ಕುಲಿ ಎಂದರೆ ಡೊಂಬಿವಲಿಯಿಂದ ಕಲ್ಯಾಣದವರೆಗೆ ನಮ್ಮ ಕಡೆಯವರ ಮನೆಗಳಲ್ಲಿ ಹೆಸರು. ಬೀಗಿತಿ ನೆಂಟರ ಎದುರಿಗೇ ಮುಚ್ಚಳ ತೆಗೆದು, ಮೂಗಿನ ಹತ್ತಿರ ತಂದು, "ಅಕ್ಕಾ, ಇದು ಸ್ವಲ್ಪ ಕಮಟು ಉಂಟಲ್ಲ? ಎಣ್ಣೆ ಎಂತದು?" ಎಂದರು. ಕೆಟ್ಟ ಮನಸ್ಸಿನಿಂದಲ್ಲ. ಮೂವತ್ತು ವರ್ಷ ಹೋಟೆಲಿನ ಬಾಣಲೆಯ ಮುಂದೆ ನಿಂತವರು. ಅಡುಗೆಯವನಿಗೆ ಹೇಳುವ ಹಾಗೆ ಹೇಳಿಬಿಟ್ಟರು. ಅತ್ತೆಯ ಮುಖ ಬಿಳಿಚಿಕೊಂಡಿತು. ಮಾವ ತಟ್ಟನೆ, "ಎಣ್ಣಿ ತಂದಾಂವ ನಾನ್ರಿ. ಅಂಗಡ್ಯಾಂವ ಹಳೇ ಡಬ್ಬಿ ಗಂಟು ಹಾಕ್ಯಾನ ನನಗ" ಎಂದರು. ಎಲ್ಲರೂ ನಕ್ಕರು.

ಮನೆಗೆ ಬಂದ ಅತ್ತೆ ಚಕ್ಕುಲಿ ಒರಳನ್ನು ತೊಳೆದು, ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. "ಇನ್ನ ಮ್ಯಾಲ ನನ್ನ ಕೈಯಿಂದ ಇನ್ನೊಬ್ಬರ ಮನಿಗೆ ಏನೂ ಹೋಗಂಗಿಲ್ಲ" ಎಂದರು. ಮಾರನೆಯ ದಿನ ಮಾವ ತರಕಾರಿ ಸಾಲಿನಲ್ಲಿದ್ದ ಕರಿಬೇವನ್ನೆಲ್ಲ ಕೊಂಡರು.

"ನೋಡ್ರಿ ಸಂಪಾದಕ ಸಾಹೇಬ್ರ," ಎಂದು ಮಾವ ನನಗೆ ಪಾಠ ಹೇಳಿದರು. ನಾನು ಸಂಪಾದಕನಲ್ಲ, ಆದರೆ ಮಾವನಿಗೆ ಅಂಥ ಸಣ್ಣ ಸಂಗತಿಗಳು ಲೆಕ್ಕಕ್ಕಿಲ್ಲ. "ಎಣ್ಣಿಗೆ ಗಾಳಿ ಹೊಡೀತಂದ್ರ ಕಮಟು ಹಿಡೀತೈತಿ. ಎಲಿ ಒಳಗ ಒಂದು ವಸ್ತು ಇರ್ತೈತಿ. ಅದು ಎಣ್ಣಿ ಮುಂದ ನಿಂತು, ಆ ಹೊಡೆತ ತಾನು ತಿಂದು, ಎಣ್ಣೀನ ಉಳಸ್ತೈತಿ. ಅದಕ್ಕ ಆಂಟಿಆಕ್ಸಿಡೆಂಟ್ ಅಂತಾರ. ಅದನ್ನ ಹೊರಗ ತಗೀಬೇಕು. ಅಷ್ಟೇ!"

ಅಷ್ಟೇ! ಆ 'ಅಷ್ಟೇ'ಗೆ ಎರಡು ಕೋಣೆಯ ಫ್ಲ್ಯಾಟು ಪೂರ್ತಿ ಬಲಿಯಾಯಿತು. ಎಲೆ ನೆರಳಲ್ಲೇ ಒಣಗಬೇಕಂತೆ, ಬಿಸಿಲು ತಾಗಿದರೆ ಸತ್ವ ಹೋಗುತ್ತದಂತೆ. ಆದ್ದರಿಂದ ಮಂಚದ ಮೇಲೆ ಎಲೆ, ನೆಲದ ಮೇಲೆ ಮಾವ. ಎಲೆಯ ಕೆಳಗೆ ಹಾಸಲು ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳು. ಅಗ್ರಲೇಖನದ ಪುಟವನ್ನು ಮೆಂತ್ಯಕ್ಕೆ ಮೀಸಲಿಟ್ಟಿದ್ದರು. ಕಾರಣ ಕೇಳಿದೆ. "ಆ ಪುಟ ಯಾರೂ ಮುಟ್ಟಿರಂಗಿಲ್ಲ. ಭಾಳ ಸ್ವಚ್ಛ ಇರ್ತೈತಿ!"

ಒಣಗಿದ ಎಲೆಯ ಪುಡಿಯನ್ನು ಮದ್ಯದಲ್ಲಿ ನೆನೆಸಬೇಕು. ಸತ್ವ ಅದರಲ್ಲಿ ಚೆನ್ನಾಗಿ ಇಳಿಯುತ್ತದೆ. ಜನ್ಮದಲ್ಲಿ ಕಷಾಯಕ್ಕಿಂತ ಗಟ್ಟಿಯಾದದ್ದನ್ನು ಕುಡಿಯದ ಮಾವ, ಹಣೆಗೆ ವಿಭೂತಿ ಹಚ್ಚಿಕೊಂಡು, ಸ್ಟೇಷನ್ ಹತ್ತಿರದ ವೈನ್ ಶಾಪಿನ ಸಾಲಿನಲ್ಲಿ ನಿಂತರು. ಹಿಂದೆ ಯಾರು ನಿಂತಿರಬೇಕು? ಅವರ ಸೊಸೈಟಿಯ ಸೆಕ್ರೆಟರಿ! "ಕಾಕಾ, ತುಮ್ಹೀ ಪಣ್?" ನೀವೂನಾ ಎಂದು ಅವರು ಕಣ್ಣರಳಿಸಿದರು. ಮಾವ ವೋಡ್ಕಾ ಬಾಟಲಿಯನ್ನು ಚೀಲಕ್ಕೆ ಇಳಿಸುತ್ತ ಗಂಭೀರವಾಗಿ ಹೇಳಿದರು: "ಮೀ ನಾಹೀ ಪೀತ್. ಕಢೀಪತ್ತಾ ಪಿತೋ." ನಾನು ಕುಡಿಯುವುದಿಲ್ಲ, ಕರಿಬೇವು ಕುಡಿಯುತ್ತದೆ! ಸಂಜೆಯೊಳಗೆ ಮೂರೂ ವಿಂಗಿನಲ್ಲಿ ಒಂದೇ ಮಾತು: ಕಾಕಾ ಕುಡಿಯಲು ಹತ್ತಿದ್ದಾರೆ, ತಪ್ಪನ್ನು ಒಗ್ಗರಣೆ ಸೊಪ್ಪಿನ ಮೇಲೆ ಹಾಕುತ್ತಿದ್ದಾರೆ.

ನಾಲ್ಕನೆಯ ದಿನ ಸೆಕ್ರೆಟರಿ ಇಬ್ಬರನ್ನು ಕರೆದುಕೊಂಡು ಬಾಗಿಲಿಗೆ ಬಂದರು. ಮನೆಯೊಳಗೆ ಮದ್ಯ, ಪಕ್ಕದಲ್ಲಿ ಗ್ಯಾಸ್ ಒಲೆ. ಬೆಂಕಿ ಬಿದ್ದರೆ ಯಾರು ಹೊಣೆ? ನ್ಯಾಯವಾದ ಪ್ರಶ್ನೆ. ನಾನು ಅಲ್ಲೇ ಕೂತಿದ್ದೆ, ನನಗೂ ಅದೇ ಭಯ. ಮಾವ ಅವರನ್ನು ಅಡುಗೆಮನೆಗೆ ಕರೆದೊಯ್ದರು. ಅಲ್ಲಿ ಗ್ಯಾಸ್ ಒಲೆಯೇ ಇರಲಿಲ್ಲ! ಸಿಲಿಂಡರು ವಾಪಸು ಹೋಗಿತ್ತು. ಕಟ್ಟೆಯ ಮೇಲೆ ಎರಡು ಇಂಡಕ್ಷನ್ ಒಲೆಗಳು. ಬಂದವರು ತುಳಸಿ ಚಹಾ ಕುಡಿದು ಹೋದರು. ಅತ್ತೆ ಮಾತ್ರ ಗೊಣಗಿದರು, "ರೊಟ್ಟಿ ಬೆಂಕಿ ಮ್ಯಾಲ ಉಬ್ಬಿದಂಗ ಇದರ ಮ್ಯಾಲ ಉಬ್ಬತೈತೇನು?" ಎಲೆಗಳಿಗಾಗಿ ಹೆಂಡತಿಯ ಒಲೆಯನ್ನೇ ಕಿತ್ತ ಗಂಡಸನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಮಾವನ ಪರೀಕ್ಷೆಗಳು ಎರಡು. ಮೊದಲನೆಯದು ಎಲೆಗೆ. ಅಕ್ಕಿ ಗಂಜಿಗೆ ಒಂದು ಹನಿ ಅಯೋಡಿನ್ ಬಿಟ್ಟರೆ ಕಡುನೀಲಿ ಆಗುತ್ತದೆ. ಅದಕ್ಕೆ ಎಲೆಯ ಸತ್ವ ಹನಿ ಹನಿಯಾಗಿ ಹಾಕುತ್ತ ಹೋಗಬೇಕು. ಎಷ್ಟು ಬೇಗ ನೀಲಿ ಹೋಯಿತೋ ಅಷ್ಟು ಬಲದ ಎಲೆ. ಎರಡನೆಯದು ಎಣ್ಣೆಗೆ. ಉಲ್ಹಾಸನಗರದ ಅಂಗಡಿಯೊಂದರಿಂದ ತಂದ ಅದೇನೋ ಉಪ್ಪು, ಗಂಜಿ, ಹುಳಿ ಸೇರಿಸಿದ ಪುಟ್ಟ ಶೀಶೆ. ಅದಕ್ಕೆ ಎಣ್ಣೆ ಬಿಟ್ಟು ಅಲ್ಲಾಡಿಸಿದಾಗ ನೀಲಿ ಬಂದರೆ ಎಣ್ಣೆ ಕೆಟ್ಟಿದೆ. ಬರದಿದ್ದರೆ ಒಳ್ಳೆಯದು. ದೀಪಾವಳಿಯ ಎಣ್ಣೆ ಸ್ವಲ್ಪ ಉಳಿದಿತ್ತು. ಬಿಟ್ಟು ತೋರಿಸಿದರು. ಶಾಲೆಯ ಹುಡುಗರ ಶಾಯಿ ದೌತಿಯ ಹಾಗೆ ನೀಲಿಯಾಯಿತು.

"ಇಷ್ಟೆಲ್ಲಾ ಯಾಕ ಮಾಮಾ? ಮೂಸಿ ನೋಡಿದ್ರ ಮುಗೀತಲ್ಲ?" ಎಂದೆ.

"ನನ್ನ ಮೂಗು ಕಾರ್ಖಾನಿ ಥಿನ್ನರಿನಾಗ ಹೋಗೇತಪಾ."

"ಅತ್ತೀಗೆ ಮೂಸಾಕ ಹೇಳ್ರಿ."

"ಆಕಿಗೆ ಕೆಲಸ ಐತಿ. ನೀ ಬಾ ಇಲ್ಲೆ, ನೀ ಮೂಸು." ಹೊಸ ಎಣ್ಣೆಯ ಬಟ್ಟಲು ನನ್ನ ಮೂಗಿಗೆ ತಾಗಿತು. "ಹೇಳು. ಜೋರಾಗಿ ಹೇಳು!"

"ಚಲೋ ಐತಿ."

"ಇನ್ನೂ ಜೋರಾಗಿ! ಮನುಷ್ಯಾನ ಮೂಗು ಹೆಂಡತಿ ಮಾರಿ ನೋಡಿ ಮಾತಾಡ್ತೈತಿ. ನಿನ್ನ ಮೂಗಿಗೂ ಈ ಶೀಶೆದಾಗಿನ ಬಣ್ಣಕ್ಕೂ ಇಲ್ಲಿ ಹೆಂಡತಿ ಇಲ್ಲ."

ಇದನ್ನು ನಾನು ಆಫೀಸಿನಲ್ಲಿ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ!

ಒಮ್ಮೆ ಹೀಗೆ ಹೊರಕೋಣೆಯಲ್ಲಿ ಕೂತು ಮಾತಾಡುತ್ತಿದ್ದಾಗ ಮಾವ ಚಂಗನೆ ಎದ್ದು ಅಡುಗೆಮನೆಗೆ ಓಡಿದರು. ಹಾಲು ತಳ ಹಿಡಿದಿತ್ತು. ಅತ್ತೆ ಒಲೆಯಿಂದ ಎರಡೇ ಹೆಜ್ಜೆ ದೂರ ಕೂತು ಸೊಪ್ಪು ಬಿಡಿಸುತ್ತಿದ್ದರು. "ನಾ ಇಟ್ಟಿದ್ದೆ, ಮರ್ತೆ" ಎಂದು ಮಾವ ಪಾತ್ರೆ ಇಳಿಸಿದರು. ಮೂಗು ಹೋದವರಿಗೆ ಹೇಗೆ ತಿಳಿಯಿತು ಎಂದೆ. "ಹೊಗಿ ಕಂಡ್ತು." ನನಗೆ ಹೊಗೆ ಕಂಡಿರಲಿಲ್ಲ. ಸುದ್ದಿಮನೆಯಲ್ಲಿ ಇಪ್ಪತ್ತು ವರ್ಷ ಕಳೆದವನು ಅಲ್ಲಿಗೇ ಬಿಟ್ಟೆ.

ಏಪ್ರಿಲ್ ಕೊನೆಗೆ ಮಗಳ ಕುಬಸ ಬಂತು. ನಮ್ಮ ಕಡೆ ಬಸುರಿಗೆ ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಬಳೆ, ಬುತ್ತಿ ಒಯ್ಯಬೇಕು. ಬುತ್ತಿಯಲ್ಲಿ ತಾಯಿ ಕೈಯಾರೆ ಮಾಡಿದ್ದು ಇರಲೇಬೇಕು. ಅತ್ತೆ ಅಂಗಡಿಯಿಂದ ತರಿಸೋಣ ಎಂದರು. ಮಾವ ಅಟ್ಟ ಹತ್ತಿ ಒರಳು ಇಳಿಸಿದರು. ಅದನ್ನು ಕಂಡು ಅತ್ತೆ ಹೇಳಿದರು: "ಇದೊಂದು ಸಲ. ಈ ಸಲಾನೂ ಹಂಗಾತಂದ್ರ ಒರಳು ಗುಜರಿ ಭಂಗಾರದಾಂವಗ ಕೊಟ್ಟುಬಿಡ್ರಿ. ನಾ ಮತ್ತ ಒಲಿ ಮುಂದ ಕೂಡಂಗಿಲ್ಲ."

ಅದು ಬರಿ ಮಾತಾಗಿರಲಿಲ್ಲ. ಅತ್ತೆ ಹಟ ಮಾಡುವವರಲ್ಲ, ಹೇಳಿದ್ದನ್ನು ಮಾಡುವವರು.

ಅಷ್ಟರಲ್ಲಿ ಮಾವನ ಆರು ಮಾದರಿಗಳು ಸೋತಿದ್ದವು. ಮೂರನೆಯದರಲ್ಲಿ ಕರಿದ ಪೂರಿ ಕೆಮ್ಮಿನ ಔಷಧಿಯ ರುಚಿ ಕೊಟ್ಟಿತ್ತು. ಐದನೆಯದರಲ್ಲಿ ಸಂಡಿಗೆ ಹಸಿರಾಗಿತ್ತು. ಏಳನೆಯದು ಗೆದ್ದಿತು. ಮದ್ಯವೆಲ್ಲ ಆವಿಯಾಗಿ ಹೋದ ಮೇಲೆ ಉಳಿದ ಸತ್ವವನ್ನು ಹೊಸ ಎಣ್ಣೆಗೆ ಕಲೆಸಿದರು. ಅದು ಯಾವ ಎಲೆಯದು ಎಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ತಿನ್ನುವವರ ನಾಲಿಗೆ ಪಕ್ಷಪಾತ ಮಾಡುತ್ತದಂತೆ! ಆ ಎಣ್ಣೆಯಲ್ಲಿ ಅತ್ತೆ ಎರಡು ಡಬ್ಬಿ ಚಕ್ಕುಲಿ ಕರಿದರು. ಮಾವ ಮುಚ್ಚಳಕ್ಕೆ ಚೀಟಿ ಅಂಟಿಸಿ ಇಟ್ಟರು.

ಮರುದಿನ ಘಣಸೋಲಿಯಿಂದ ಫೋನು. ಮಗಳಿಗೆ ಡಾಕ್ಟರು ಮೂರು ವಾರ ಮಲಗಿರಲು ಹೇಳಿದ್ದಾರೆ, ಗಾಬರಿಯಿಲ್ಲ, ಕುಬಸ ಮುಂದಕ್ಕೆ ಹೋಗಿದೆ.

ಮೂರು ವಾರ! ಡೊಂಬಿವಲಿಯ ಮೇ ತಿಂಗಳಲ್ಲಿ! ಫ್ಯಾನಿನ ಗಾಳಿಯೇ ಕಾದ ಬಾಣಲೆಯಿಂದ ಬಂದಂತಿರುವ ದಿನಗಳಲ್ಲಿ ಕರಿದ ತಿಂಡಿ ಎಷ್ಟು ದಿನ ತಾಳೀತು? "ಒಗೀರಿ ಅದನ್ನ" ಎಂದರು ಅತ್ತೆ. "ಇದೇ ಹೋಗ್ತೈತಿ" ಎಂದರು ಮಾವ. ಅದೇ ಬಾಣಲೆಯ ಚಕ್ಕುಲಿ ಒಂದು ಶೀಶೆಯಲ್ಲಿ ಬೇರೆ ಇಟ್ಟಿದ್ದರು ಮಾವ. ಎರಡು ದಿನಕ್ಕೊಮ್ಮೆ ಒಂದು ಮುರಿದು, ಎಣ್ಣೆ ಹಿಂಡಿ, ಪುಟ್ಟ ಶೀಶೆಗೆ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುವರು. ಅತ್ತೆ ದೂರದಿಂದ ನೋಡುವರು. ಆಮೇಲೆ ನನಗೆ ಫೋನು: "ಬಾರೋ, ಮೂಸಬೇಕು." ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಇಳಿದು, ಮೂಸಿ, ಜೋರಾಗಿ "ಚಲೋ ಐತಿ" ಎಂದು ಕೂಗಿ, ಮುಂದಿನ ಲೋಕಲ್ ಹಿಡಿಯುತ್ತಿದ್ದೆ. ಹದಿನೆಂಟನೆಯ ದಿನ ನನಗೇ ಸಂಶಯ ಬಂತು. ಸ್ವಲ್ಪ ತಡೆದು ಹೇಳಿದೆ. ಆ ಅರೆ ಕ್ಷಣದಲ್ಲಿ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಇಪ್ಪತ್ತೊಂದನೆಯ ದಿನ ನಾವು ಮೂವರೂ ಹೊರಟೆವು. ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಘಣಸೋಲಿಯ ಗಾಡಿ ಹಿಡಿದೆವು. ಅತ್ತೆಯ ತೊಡೆಯ ಮೇಲೆ ಹಸಿರು ಸೀರೆಯ ಚೀಲ, ಮಾವನ ತೊಡೆಯ ಮೇಲೆ ಡಬ್ಬಿಗಳು. ಐರೋಲಿ ದಾಟಿದಾಗ ನನ್ನ ಕಣ್ಣು ಮುಚ್ಚಳದ ಮೇಲೆ ಬಿತ್ತು. ಪ್ರಯೋಗಾಲಯದ ದುಂಡು ಅಕ್ಷರದಲ್ಲಿ: 'ಮಾದರಿ ೭.' ಕೆಳಗೆ ಕರಿದ ತಾರೀಖು!

"ಮಾಮಾ, ಇದನ್ನ ಕಿತ್ತು ಹಾಕ್ರಿ! ಬೀಗಿತಿ ಓದ್ತಾರ!"

"ತಾರೀಖಿಲ್ಲದ ಮಾದರಿ ನಾ ಜನ್ಮದಾಗ ಹೊರಗ ಕಳ್ಸಿಲ್ಲ."

ಉಗುರಿನಿಂದ ಕೀಳಲು ನೋಡಿದೆ. ಕಾರ್ಖಾನೆಯ ಅಂಟು, ಜಪ್ಪಯ್ಯ ಎನ್ನಲಿಲ್ಲ. ಗಾಡಿ ಘಣಸೋಲಿಗೆ ಬಂದು ನಿಂತಿತು.

ಬೀಗರ ಹಾಲಿನಲ್ಲಿ ಇಪ್ಪತ್ತು ಜನ ಹೆಂಗಸರು. ಮಗಳು ನಾವು ಒಯ್ದ ಹಸಿರು ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು. ಗಾಬರಿಯಾದರೆ ಅವಳ ಕನ್ನಡ ಹಿಂದಿಯಾಗುತ್ತದೆ. "ಪಪ್ಪಾ, ಪ್ಲೀಜ್, ಆಜ್ ಕುಛ್ ಮತ್ ಬೋಲ್ನಾ," ಇವತ್ತು ಏನೂ ಮಾತಾಡಬೇಡಿ ಎಂದು ಪಿಸುಗುಟ್ಟಿದಳು. ಮಾವ ತಲೆಯಾಡಿಸಿದರು.

ಬೀಗಿತಿ ಡಬ್ಬಿ ಎತ್ತಿಕೊಂಡರು. ಕನ್ನಡಕ ಸರಿಮಾಡಿ ಓದಿದರು. "ಇದೆಂತದು, ಮಾದರಿ ಏಳು?" ಆಮೇಲೆ ಬೆರಳು ಮಡಿಸಿ ಎಣಿಸಿದರು. "ಇಪ್ಪತ್ತೊಂದು ದಿನದ್ದಾ ಮಾರಾಯ್ರೆ? ಈ ಸೆಕೆಯಲ್ಲಿ?"

ಹಾಲಿನಲ್ಲಿ ಬಳೆಗಳ ಸದ್ದು ನಿಂತಿತು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಬೀಗಿತಿ ಮುಚ್ಚಳ ತೆಗೆದರು. ಮೂಸಿದರು. ಒಂದು ಚಕ್ಕುಲಿ ತೆಗೆದು, ಮುರಿದು, ಮುರಿದ ಜಾಗವನ್ನು ಮತ್ತೆ ಮೂಸಿದರು. ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದರು. ಎಷ್ಟೋ ಚುನಾವಣೆಗಳ ಫಲಿತಾಂಶಕ್ಕೆ ಕಾದು ಕೂತವನು ನಾನು. ಈ ಅಗಿತದಷ್ಟು ಉದ್ದದ ಎಣಿಕೆ ಯಾವುದೂ ಇರಲಿಲ್ಲ!

"ನಿನ್ನೆ ಕರಿದ ಹಾಗೆ ಉಂಟು," ಎಂದರು ಬೀಗಿತಿ. "ಒಂದು ಚೂರು ಕಮಟಿಲ್ಲ. ನಮ್ಮ ಹೋಟೆಲಿನದ್ದು ಎಂಟು ದಿನಕ್ಕೆ ಹೋಗ್ತದೆ. ಎಂತ ಹಾಕಿದ್ದು? ಸಣ್ಣ ಪರಿಮಳ ಉಂಟು, ಯಾವ ಸೊಪ್ಪು ಅಂತ ನನಗೆ ಹಿಡೀಲಿಕ್ಕೆ ಆಗುದಿಲ್ಲ." ಉಳಿದ ಅರ್ಧ ಚಕ್ಕುಲಿಯನ್ನು ಅತ್ತೆಯ ಮೂಗಿನ ಮುಂದೆಯೇ ಹಿಡಿದರು. "ಅಕ್ಕಾ, ನೀವೇ ಮೂಸಿ ಹೇಳಿ. ಎಂತ ಸೊಪ್ಪಿದು?"

ಇಪ್ಪತ್ತು ಮುಖಗಳು ಅತ್ತೆಯ ಕಡೆ ತಿರುಗಿದವು. ಅತ್ತೆ ಬಾಯಿ ತೆರೆದರು. ಅಷ್ಟರಲ್ಲಿ ನಮ್ಮ ಮಾವ, ಕುಬಸಕ್ಕೆ ಬಂದ ಬೀಗರು, ಕೈ ಚಾಚಿ ಆ ತುಂಡನ್ನು ಬೀಗಿತಿಯ ಬೆರಳುಗಳಿಂದಲೇ ಕಸಿದು ಬಾಯಿಗೆ ಹಾಕಿಕೊಂಡುಬಿಟ್ಟರು! ಕುರುಂ ಕುರುಂ ಎಂದು ಅಗಿಯುತ್ತ, "ದೊಡ್ಡಪತ್ರಿ, ಕರಿಬೇವು! ಭಾಳ ಹಸಿವ್ಯಾಗೇತ್ರಿ, ಊಟಕ್ಕ ಹಾಕ್ರಿ!" ಎಂದರು.

ಕೋಣೆ ತುಂಬ ನಗೆ ಸಿಡಿಯಿತು. ಮಗಳು ಹಣೆ ಚಚ್ಚಿಕೊಂಡಳು. ಬೀಗಿತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಬೀಗರಿಗೆ ಮೊದಲು ಎಲೆ ಹಾಕಿ!" ಎಂದು ಒಳಗೆ ಕೂಗಿದರು. ಹೊರಡುವಾಗ ಅತ್ತೆಯ ಕೈ ಹಿಡಿದು, "ಬಾಣಂತಿಗೂ ನೀವೇ ಮಾಡಿ ಕಳಿಸಿ ಅಕ್ಕಾ, ಬೇರೆ ಯಾರದ್ದೂ ಬೇಡ" ಎಂದರು. ಅತ್ತೆ ಗೆದ್ದಿದ್ದರು. ನಾನು ಮಾತ್ರ ಮಾವನ ಮೇಲೆ ಉರಿಯುತ್ತಿದ್ದೆ. ಹೆಂಡತಿಗೆ ಸಿಗಬೇಕಿದ್ದ ಒಂದು ನಿಮಿಷದ ಮಾನವನ್ನೂ ಕಸಿದು ತಿಂದರಲ್ಲ!

ಠಾಣೆಯಲ್ಲಿ ಕಲ್ಯಾಣದ ಸ್ಲೋ ಗಾಡಿಗೆ ಕಾಯುವಾಗ ಮಾವ ಸೇತುವೆಯ ಮೇಲೆ ಸೊಪ್ಪಿನವಳ ಮುಂದೆ ಕೂತುಬಿಟ್ಟರು. ನಾನು ಅತ್ತೆಗೆ ಹೇಳಿದೆ: "ಮಾಮಾ ಮಾಡಿದ್ದು ಸರಿ ಅಲ್ಲ ಅತ್ತಿ. ನೀವು ಹೇಳಬೇಕಂತ ಇದ್ದದ್ದನ್ನ..."

"ನಾ ಏನ ಹೇಳ್ತಿದ್ನೋ ಅಲ್ಲಿ?" ಅತ್ತೆ ಹಳಿಗಳನ್ನು ನೋಡುತ್ತಿದ್ದರು. "ನನಗ ವಾಸನಿ ಬರಂಗಿಲ್ಲ. ಹೋದ ಗಣಪತಿ ಹಬ್ಬದ ಮುಂದ ಜ್ವರ ಬಂದಿತ್ತಲ್ಲ, ಅದರ ಕೂಡ ಹೋತು. ಮಲ್ಲಿಗಿ ಗೊತ್ತಾಗಂಗಿಲ್ಲ, ಹಾಲು ಸೀದದ್ದು ಗೊತ್ತಾಗಂಗಿಲ್ಲ. ಡಾಕ್ಟರು ಬಂದ್ರ ಬರಬಹುದು ಅಂದಾರ. ದೀಪಾವಳಿಯಾಗ ಆ ಎಣ್ಣಿ ಕೆಟ್ಟದ್ದೂ ನನಗ ತಿಳೀಲಿಲ್ಲ. ಕರಿಯೋ ಮುಂದ ಅವರೂ ಮನ್ಯಾಗ ಇರಲಿಲ್ಲ."

ಗಣಪತಿ ಹಬ್ಬದಿಂದ! ನಾನು ಅವರ ಮನೆಗೆ ಎಷ್ಟು ಸಲ ಹೋಗಿದ್ದೆ? ಎಷ್ಟು ಪ್ರಶ್ನೆ ಕೇಳಿದ್ದೆ? ಮನೆಯಿಂದ ಗ್ಯಾಸ್ ಯಾಕೆ ಹೋಯಿತು ಎಂಬುದೊಂದನ್ನು ಸರಿಯಾಗಿ ಕೇಳಿರಲಿಲ್ಲ.

"ಯಾರ್ಯಾರಿಗೆ ಗೊತ್ತು?"

"ಅವರಿಗೆ. ಈಗ ನಿನಗ. ಹೆರಿಗಿ ಆದ ಮ್ಯಾಲ ಮಗಳಿಗೆ ಹೇಳ್ತೀನಿ."

"ಮಾಮಾಂದೂ ಮೂಗಿಲ್ಲ, ನಿಮ್ಮದೂ ಇಲ್ಲ. ಮನಿ ಹೆಂಗ ನಡಸ್ತೀರಿ ಅತ್ತಿ?"

ಅತ್ತೆಗೆ ನಗು ಬಂತು. "ಅವರ ಮೂಗಿಗೇನಾಗೇತಿ? ಮ್ಯಾಲಿನ ಮಾಳಿಗಿಯಾಗ ಇಂಗಿನ ಡಬ್ಬಿ ತಗದ್ರ ಇಲ್ಲಿ ಸೀನ್ತಾರ! ಮನ್ಯಾಗ ಮೂಗಿಲ್ಲದವರು ಒಬ್ಬರು ಅದಾರಂತ ಗೊತ್ತಿದ್ರ ಮಂದಿ ಇನ್ನೊಬ್ಬರ ಕಡೆ ನೋಡಂಗಿಲ್ಲ ಅಂತ ಅವರ ವಿಚಾರ."

"ಮತ್ತ ನನ್ನನ್ಯಾಕ ಮೂಸಾಕ ಕರೀತಿದ್ರು?"

"ಅವರು ಚಲೋ ಐತಿ ಅಂದ್ರ ನಾ ನಂಬತೀನೇನು? ನನ್ನ ಮಾರಿ ನೋಡಿ ಹೇಳ್ತಾರ. ನೀ ಪೇಪರ್‌ನಾಂವ, ಇಲ್ಲದ್ದು ಸೇರಸಂಗಿಲ್ಲ ಅಂತ ನಿನ್ನ ಕರದ್ರು. ನೀ ಇಲ್ಲದಾಗ ಏನು ಮಾಡೋದು? ಅದಕ್ಕ ಆ ಶೀಶೆ ಮಾಡಿಕೊಟ್ಟಾರ. ಈಗ ಎಣ್ಣಿ ಸುರಿಯೋಕಿಂತ ಮೊದಲ ನಾನೇ ನೋಡ್ತೀನಿ. ನೀಲಿ ನನ್ನ ಕಣ್ಣಿಗೆ ಕಾಣ್ತೈತಲ್ಲ."

ಗಾಡಿ ಬಂತು. ಮಾವ ಸೊಪ್ಪಿನ ಕಟ್ಟು ಎದೆಗವಚಿಕೊಂಡು ಓಡುತ್ತ ಬಂದು ಹತ್ತಿದರು. ಮುಂಬ್ರಾ ದಾಟಿದ ಮೇಲೆ ಸೀಟು ಸಿಕ್ಕಿತು. ಅತ್ತೆ ಕಟ್ಟಿನಿಂದ ಒಂದು ದೊಡ್ಡಪತ್ರೆ ಎಲೆ ಕಿತ್ತು, ಬೆರಳಲ್ಲಿ ಹೊಸಕಿ, ಹಳೆಯ ರೂಢಿಯಿಂದ ಮೂಗಿನವರೆಗೆ ತಂದರು. ಅರ್ಧದಲ್ಲಿ ನಿಲ್ಲಿಸಿದರು. ಆ ಎಲೆಯನ್ನು ಮಾವನ ಮೂಗಿಗೆ ಹಿಡಿದು, "ಹೇಳ್ರಿ, ಹೆಂಗೈತಿ?" ಎಂದರು.

ಮಾವ ಗಾಬರಿಯಾಗಿ ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿ, ನಿದ್ದೆ ಬಂದವನಂತೆ ತಲೆಯನ್ನು ಕಿಟಕಿಗೆ ಆನಿಸಿದೆ.

ಗಾಡಿಯ ಸದ್ದಿನ ನಡುವೆ ಮಾವನ ದನಿ, ನಾನೆಂದೂ ಕೇಳದಷ್ಟು ಮೆಲ್ಲಗೆ: "ಮೊದಲ ಸ್ವಲ್ಪ ಖಾರ ಐತಿ... ಅಜವಾನದಂಗ. ಅದರ ಹಿಂದ ಹಸಿ ಮಣ್ಣು. ನಿಂಬಿಹಣ್ಣಿನ ಸಿಪ್ಪಿ ಒಂದೀಟು. ತಡಿ, ಇನ್ನೂ ಏನೋ ಐತಿ, ಹೇಳ್ತೀನಿ..."

ಡೊಂಬಿವಲಿ ಬರುವವರೆಗೂ ಅವರು ಹೇಳುತ್ತಲೇ ಇದ್ದರು.